ಸರ್ವರ್‌ನಲ್ಲಿ ಓಡುವ ಅಪ್ಲಿಕೇಶನ್ನಿಗೆ ಡೀಬಗರ್ ಜೋಡಿಸುವುದು: ಯಾವ ದಾರಿ, ಯಾವಾಗ?

ಪುಣೆಯ ವಾಕಡ್‌ನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಬೆಳಗಾವಿ ಕಡೆಯ ನಾಲ್ವರು ಹುಡುಗರು ಸೇರಿ ಮನೆ ಮಾಡಿದ್ದಾರೆ. ನಾಲ್ವರೂ ಹಿಂಜವಡಿಯ ಬೇರೆ ಬೇರೆ ಕಂಪನಿಗಳಲ್ಲಿ ದುಡಿಯುವವರು. ಅವರಲ್ಲಿ ಒಬ್ಬ ಮನೆಮನೆಗೆ ಹಾಲು ಮುಟ್ಟಿಸುವ ವ್ಯವಹಾರದ ಜಾವಾ ಅಪ್ಲಿಕೇಶನ್ ನೋಡಿಕೊಳ್ಳುತ್ತಾನೆ. ಮಳೆಗಾಲದ ಒಂದು ಸಂಜೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದ.

"ಅಕ್ಕಾರ, ನನ್ನ ಲ್ಯಾಪ್‌ಟಾಪ್‌ನ್ಯಾಗ ಎಲ್ಲಾ ಸರಿ ಐತ್ರೀ. ಸರ್ವರ್ ಮ್ಯಾಲ ಅಷ್ಟ ಕೆಲವೊಂದು ಬಿಲ್ಲಿನ ತಾರೀಖು ಒಂದು ದಿನ ಹಿಂದ ಬೀಳಾಕತ್ತಾವು. ಇಂಟೆಲಿಜೆಯಿಂದ ಸೀದಾ ಪ್ರೊಡಕ್ಷನ್‌ಗೇ ಡೀಬಗರ್ ಹಚ್ಚಿಬಿಡ್ಲೇನ್ರೀ?"

"ತಡಿ ತಮ್ಮಾ. ಆ ಪ್ರೊಸೆಸ್‌ನ್ಯಾಗ ನಿನ್ನ ಬಿಟ್ಟು ಮತ್ತ ಯಾರ್ಯಾರು ಅದಾರ?"

ದೂರದ ಸರ್ವರ್‌ನ ಡೀಬಗ್ಗಿಂಗ್ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ. ಡೀಬಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮಿನ (ಅಂದರೆ ಪ್ರೊಸೆಸ್‌ನ) ಒಳಗೆ ಇಣುಕಿ ದೋಷ ಹುಡುಕುವ ಸಲಕರಣೆ, ಪ್ರೊಡಕ್ಷನ್ ಎಂದರೆ ನಿಜವಾದ ಗ್ರಾಹಕರು ಬಳಸುವ ಸರ್ವರ್. ಯಾವ ಐಡಿಇ (ಇಂಟೆಲಿಜೆಯಂಥ ಕೋಡ್ ಬರೆಯುವ ತಂತ್ರಾಂಶ), ಯಾವ ಪೋರ್ಟ್ (ಸಂಪರ್ಕಕ್ಕೆ ಇಟ್ಟ ಸಂಖ್ಯೆ), ಯಾವ ಪ್ಲಗಿನ್ ಎಂಬುದೆಲ್ಲ ಆಮೇಲೆ. ಬ್ರೇಕ್‌ಪಾಯಿಂಟ್ ಎಂದರೆ ಕೋಡಿನ ಒಂದು ಸಾಲಿಗೆ ಗುರುತಿಟ್ಟು ಪ್ರೋಗ್ರಾಮನ್ನು ಅಲ್ಲಿ ನಿಲ್ಲಿಸುವುದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ನಿಂತರೆ ನೀವೊಬ್ಬರೇ ನಿಲ್ಲುತ್ತೀರಿ. ಸರ್ವರ್‌ನಲ್ಲಿ ನಿಂತರೆ ಜೊತೆಗೆ ಯಾರು ನಿಲ್ಲುತ್ತಾರೆ ಎನ್ನುವುದರ ಮೇಲೆಯೇ ದಾರಿ ಆರಿಸಿಕೊಳ್ಳಬೇಕು. ಹದಿನಾಲ್ಕು ವರ್ಷದ ಕೆಲಸದಲ್ಲಿ ನಾನು ಬಳಸಿದ ದಾರಿಗಳನ್ನು ಇದೇ ಕಣ್ಣಿನಿಂದ ಇಲ್ಲಿ ಹೋಲಿಸಿದ್ದೇನೆ.

ಪೋರ್ಟ್ ತೆರೆದು ಜೋಡಿಸುವುದು

ಬಹಳ ಜನಕ್ಕೆ ಗೊತ್ತಿರುವ ದಾರಿ ಇದು. ಸರ್ವರ್‌ನಲ್ಲಿ ಅಪ್ಲಿಕೇಶನ್ ಶುರುವಾಗುವಾಗಲೇ ಡೀಬಗ್ ಏಜೆಂಟನ್ನೂ ಎಬ್ಬಿಸುವುದು, ಅದು ಒಂದು ಪೋರ್ಟಿನಲ್ಲಿ ಕಿವಿಗೊಟ್ಟು ಕೂರುವುದು, ನಮ್ಮ ಐಡಿಇ ಅಲ್ಲಿಗೆ ಹೋಗಿ ಕೂಡಿಕೊಳ್ಳುವುದು. ಜಾವಾದಲ್ಲಿ ಈ ಮಾತುಕತೆಯ ಭಾಷೆಗೆ ಜೆಡಿಡಬ್ಲ್ಯೂಪಿ ಎಂದು ಹೆಸರು. ಇಂಟೆಲಿಜೆ ಸಾಮಾನ್ಯವಾಗಿ 5005 ಪೋರ್ಟ್ ಸೂಚಿಸುತ್ತದೆ, ಟಾಮ್‌ಕ್ಯಾಟ್‌ನ ಜೆಪಿಡಿಎ ವಿಧಾನ 8000 ಹಿಡಿಯುತ್ತದೆ, ವೈಲ್ಡ್‌ಫ್ಲೈ 8787. ನೋಡ್‌ಜೆಎಸ್ ಆದರೆ ಇನ್‌ಸ್ಪೆಕ್ಟ್ ಆಯ್ಕೆಯ ಜೊತೆ 9229. ಪೈಥಾನ್‌ನ ಡೀಬಗ್‌ಪೈ ಬಳಸುವವರು ಹೆಚ್ಚಾಗಿ 5678 ಇಟ್ಟುಕೊಂಡಿರುತ್ತಾರೆ. ಗೋ ಭಾಷೆಯವರಿಗೆ ಡೆಲ್ವ್ ಇದೆ, ಸಿ ಮತ್ತು ಸಿ++ನವರಿಗೆ ಜಿಡಿಬಿ ಸರ್ವರ್ ಇದೆ.

ಜಾವಾ ಏಜೆಂಟಿಗೆ ಕೊಡುವ ಸಾಲಿನಲ್ಲಿ 'ಸಸ್ಪೆಂಡ್' ಎಂಬ ಒಂದು ಪದ ಇದೆ. ಅದಕ್ಕೆ 'ವೈ' ಎಂದು ಕೊಟ್ಟರೆ ನೀವು ಬಂದು ಕೂಡಿಕೊಳ್ಳುವ ತನಕ ಅಪ್ಲಿಕೇಶನ್ ಶುರುವೇ ಆಗುವುದಿಲ್ಲ. ಏಳುವಾಗಲೇ ಬೀಳುವ ಅಪ್ಲಿಕೇಶನ್ನಿಗೆ ಇದು ಬೇಕು. ಬೇರೆಲ್ಲ ಸಂದರ್ಭದಲ್ಲಿ 'ಎನ್' ಇರಲಿ. ಕೆಲಸ ಮುಗಿದ ಮೇಲೆ ಮರೆತು 'ವೈ' ಉಳಿದಿದ್ದರೆ, ರಾತ್ರಿ ಸರ್ವರ್ ತಾನಾಗಿ ಮರುಶುರುವಾದಾಗ ಬೆಳಗಿನವರೆಗೂ ನಿಮ್ಮ ದಾರಿ ಕಾಯುತ್ತ ಕೂತಿರುತ್ತದೆ.

ಇದೇ ಸಾಲಿನಲ್ಲಿ 'ಅಡ್ರೆಸ್' ಎಂಬ ಇನ್ನೊಂದು ಪದ ಇದೆ. ಜೆಡಿಕೆ (ಜಾವಾದ ಕಿಟ್) 8ರವರೆಗೆ ಬರೀ 5005 ಎಂದು ಬರೆದರೆ ಏಜೆಂಟ್ ಸರ್ವರ್‌ನ ಎಲ್ಲ ನೆಟ್‌ವರ್ಕ್ ಬಾಗಿಲುಗಳಲ್ಲೂ ಕಿವಿಗೊಡುತ್ತಿತ್ತು. ಜೆಡಿಕೆ 9ರಿಂದ ಅದು ಲೋಕಲ್‌ಹೋಸ್ಟಿಗೆ, ಅಂದರೆ ಅದೇ ಯಂತ್ರದೊಳಗಿನ ಸಂಪರ್ಕಕ್ಕೆ ಮಾತ್ರ ಸೀಮಿತ. ಹಳೆಯ ಅಭ್ಯಾಸದವರು ಹೊಸ ಜಾವಾಕ್ಕೆ ಬಂದಾಗ "ಕನೆಕ್ಷನ್ ರಿಫ್ಯೂಸ್ಡ್" ಎಂದು ಬರುತ್ತದೆ, ಹುಡುಕಿದರೆ ಪೋರ್ಟಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಎಂಬ ಉತ್ತರ ಸಿಗುತ್ತದೆ. ಹಾಕಿದ ಕೂಡಲೇ ಡೀಬಗರ್ ಕೂಡಿಕೊಳ್ಳುತ್ತದೆ, ಆದರೆ ಬಾಗಿಲೂ ತೆರೆದೇ ಉಳಿಯುತ್ತದೆ.

ಜೆಡಿಡಬ್ಲ್ಯೂಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಆ ಪೋರ್ಟ್ ಯಾರಿಗೆ ಎಟುಕುತ್ತದೋ ಅವರು ನಿಮ್ಮ ಅಪ್ಲಿಕೇಶನ್ನಿನ ಒಳಗೆ ತಮಗೆ ಬೇಕಾದ ಕೋಡ್ ಓಡಿಸಬಹುದು, ಡೇಟಾಬೇಸ್ ಪಾಸ್‌ವರ್ಡ್ ಓದಬಹುದು. ನೋಡ್‌ಜೆಎಸ್‌ನ ಇನ್‌ಸ್ಪೆಕ್ಟರ್ ಕತೆಯೂ ಅದೇ. ಹೀಗಿರುವಾಗ ಕ್ಲೌಡ್‌ನ ಫೈರ್‌ವಾಲ್‌ನಲ್ಲಿ 5005ನ್ನು 0.0.0.0/0ಗೆ, ಅಂದರೆ ಇಡೀ ಇಂಟರ್ನೆಟ್ಟಿಗೆ ತೆರೆದಿಟ್ಟು "ಅರ್ಧ ತಾಸಿನ ಕೆಲಸ ಅಷ್ಟೇ" ಎನ್ನುವುದು ಮನೆಗೆ ಬೀಗ ಹಾಕದೆ ಊರಿಗೆ ಹೋದ ಹಾಗೆ. ಪರೀಕ್ಷೆಯ ಸರ್ವರ್ ಆದರೂ ಇದನ್ನು ಮಾಡಬೇಡಿ. ಪರೀಕ್ಷೆಯ ಸರ್ವರ್‌ಗಳಲ್ಲಿ ನಿಜವಾದ ಗ್ರಾಹಕರ ಮಾಹಿತಿಯ ನಕಲು ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸರಿಯಾದ ದಾರಿ ಎಸ್‌ಎಸ್‌ಎಚ್ ಟನಲ್, ಅಂದರೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದೊಳಗಿಂದ ಪೋರ್ಟನ್ನು ಹಾಯಿಸುವುದು. ಏಜೆಂಟ್ ಲೋಕಲ್‌ಹೋಸ್ಟಿನಲ್ಲೇ ಇರಲಿ. ನಿಮ್ಮ ಕಡೆಯಿಂದ ಎಸ್‌ಎಸ್‌ಎಚ್ ಆಜ್ಞೆಗೆ ದೊಡ್ಡಕ್ಷರದ ಎಲ್ ಆಯ್ಕೆ ಸೇರಿಸಿ, 5005:ಲೋಕಲ್‌ಹೋಸ್ಟ್:5005 ಎಂದು ಕೊಡಿ. ಆಮೇಲೆ ಐಡಿಇಗೆ ಸರ್ವರ್‌ನ ವಿಳಾಸ ಬೇಕಾಗಿಲ್ಲ, ನಿಮ್ಮದೇ ಲ್ಯಾಪ್‌ಟಾಪಿನ 5005ಕ್ಕೆ ಕೂಡಿಕೋ ಎಂದರೆ ಸಾಕು. ಮಧ್ಯದಲ್ಲಿ ಜಂಪ್ ಸರ್ವರ್ ಇದ್ದರೆ ದೊಡ್ಡಕ್ಷರದ ಜೆ ಆಯ್ಕೆ. ಬ್ರೇಕ್‌ಪಾಯಿಂಟಿನಲ್ಲಿ ನಿಂತು ಯೋಚಿಸುವಾಗ ಸಂಪರ್ಕ ಸುಮ್ಮನೆ ಕೂತಿರುವುದರಿಂದ ಮಧ್ಯದ ರೌಟರ್‌ಗಳು ಅದನ್ನು ಕಡಿದುಹಾಕುವುದುಂಟು. ಎಸ್‌ಎಸ್‌ಎಚ್‌ನ ಸರ್ವರ್‌ಅಲೈವ್‌ಇಂಟರ್ವಲ್ ಆಯ್ಕೆಯನ್ನು 30 ಸೆಕೆಂಡಿಗೆ ಇಟ್ಟರೆ ಆ ಕಾಟ ತಪ್ಪುತ್ತದೆ. ಕಂಟೇನರ್‌ಗಳನ್ನು (ಅಪ್ಲಿಕೇಶನ್ ತುಂಬಿದ ಡಬ್ಬಿಗಳನ್ನು) ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನಲ್ಲಿದ್ದರೆ ಅದರ ಆಜ್ಞೆ ಕ್ಯೂಬ್‌ಸಿಟಿಎಲ್‌ನ ಪೋರ್ಟ್-ಫಾರ್ವರ್ಡ್ ಇದೇ ಕೆಲಸ ಮಾಡುತ್ತದೆ. ಅದು ಪಾಡ್‌ನ (ಕಂಟೇನರ್ ಓಡುವ ಘಟಕದ) ಒಳಗಿನ ಲೋಕಲ್‌ಹೋಸ್ಟನ್ನೇ ಮುಟ್ಟುವುದರಿಂದ ಅಲ್ಲೂ ನಕ್ಷತ್ರ ಬೇಡ.

ಪಿಎಚ್‌ಪಿಯವರು ಎಡವುವ ಜಾಗ ಬೇರೆ. ಜಾವಾ, ನೋಡ್, ಗೋ ಇವುಗಳಲ್ಲಿ ನಮ್ಮ ಐಡಿಇ ಸರ್ವರ್‌ನ ಬಾಗಿಲು ತಟ್ಟುತ್ತದೆ. ಪಿಎಚ್‌ಪಿಯ ಡೀಬಗರ್ ಎಕ್ಸ್‌ಡೀಬಗ್‌ನಲ್ಲಿ ಇದು ತಿರುಗುಮುರುಗು, ಸರ್ವರೇ ನಮ್ಮ ಐಡಿಇಯನ್ನು ಹುಡುಕಿಕೊಂಡು ಬರುತ್ತದೆ. ಪೈಥಾನ್ ಐಡಿಇ ಪೈಚಾರ್ಮ್‌ನ ಡೀಬಗ್ ಸರ್ವರ್ ವಿಧಾನವೂ ಹೀಗೆಯೇ. ವಾಕಡ್‌ನ ಮನೆಯ ರೌಟರ್ ಹಿಂದೆ ಕೂತ ಲ್ಯಾಪ್‌ಟಾಪನ್ನು ಮುಂಬಯಿಯ ಸರ್ವರ್ ಹೇಗೆ ಹುಡುಕೀತು? ಅದಕ್ಕೆ ಟನಲನ್ನೂ ತಿರುಗಿಸಬೇಕು, ಎಲ್ ಬದಲು ದೊಡ್ಡಕ್ಷರದ ಆರ್. ಎಕ್ಸ್‌ಡೀಬಗ್ 2ರಲ್ಲಿ ಪೋರ್ಟ್ 9000 ಇತ್ತು, ಪಿಎಚ್‌ಪಿ-ಎಫ್‌ಪಿಎಂ ಕೂಡ ಅದೇ ಸಂಖ್ಯೆ ಹಿಡಿಯುವುದರಿಂದ ಜಗಳವಾಗುತ್ತಿತ್ತು. 2020ರಲ್ಲಿ ಬಂದ ಎಕ್ಸ್‌ಡೀಬಗ್ 3 ಅದನ್ನು 9003 ಮಾಡಿತು. ಹಳೆಯ ಲೇಖನ ನೋಡಿ 9000 ಎಂದು ಹಾಕಿಕೊಂಡು ಇಡೀ ದಿನ ಕಳೆದವರನ್ನು ನಾನು ಬಲ್ಲೆ.

ಬ್ರೇಕ್‌ಪಾಯಿಂಟ್ ಖಾಲಿ ಸಾಲಿನ ಮೇಲೆ ನಿಲ್ಲುತ್ತಿದೆಯೇ? ಐಡಿಇಯಲ್ಲಿ ಕಾಣುವ ವೇರಿಯಬಲ್‌ಗೂ ಸಾಲಿಗೂ ತಾಳೆಯಾಗುತ್ತಿಲ್ಲವೇ? ಡೀಬಗರ್ ಕೆಟ್ಟಿಲ್ಲ. ನಿಮ್ಮ ಕೈಲಿರುವ ಸೋರ್ಸ್ ಕೋಡ್ ಬೇರೆ, ಸರ್ವರ್‌ನಲ್ಲಿರುವ ಬಿಲ್ಡ್ (ಕೋಡಿನಿಂದ ಕಟ್ಟಿದ ಪ್ರೋಗ್ರಾಮು) ಬೇರೆ. ಸರ್ವರ್‌ನ ಬಿಲ್ಡ್ ಯಾವ ಗಿಟ್ ಕಮಿಟ್‌ನಿಂದ (ಕೋಡಿನ ದಾಖಲಾದ ಆವೃತ್ತಿಯಿಂದ) ಆಗಿದೆಯೋ ಅದನ್ನೇ ಚೆಕ್‌ಔಟ್ ಮಾಡಿ ಆಮೇಲೆ ಜೋಡಿಸಿ. ನಮ್ಮ ತಂಡದಲ್ಲಿ ಪ್ರತಿ ಬಿಲ್ಡ್ ಒಳಗೂ ಕಮಿಟ್ ಸಂಖ್ಯೆ ಸೇರಿಸಿ, ಅದನ್ನು ಒಂದು ಯುಆರ್‌ಎಲ್‌ನಲ್ಲಿ ನೋಡುವ ಹಾಗೆ ಮಾಡಿಕೊಂಡಿದ್ದೇವೆ. ಗೋ ಆದರೆ ಕಂಪೈಲರ್‌ನ ಆಪ್ಟಿಮೈಸೇಶನ್ ಬಂದ್ ಮಾಡಿ ಕಟ್ಟಿದ ಬಿಲ್ಡೇ ಬೇಕು, ಇಲ್ಲದಿದ್ದರೆ ಅರ್ಧ ವೇರಿಯಬಲ್‌ಗಳು ಕಾಣುವುದೇ ಇಲ್ಲ. ಪೈಥಾನ್ ಆದರೆ ಲ್ಯಾಪ್‌ಟಾಪಿನ ಫೋಲ್ಡರ್‌ಗೂ ಸರ್ವರ್‌ನ ಫೋಲ್ಡರ್‌ಗೂ ನಂಟು ಹೇಳುವ ಪಾತ್ ಮ್ಯಾಪಿಂಗ್ ಸರಿ ಇದೆಯೇ ನೋಡಿ.

ನಾವು ನಿಂತರೂ ಓಡುವ ಗಡಿಯಾರಗಳು

ಕೆಲವು ವರ್ಷಗಳ ಹಿಂದೆ ಕುಬರ್ನೆಟಿಸ್‌ನ ಒಂದು ಪರೀಕ್ಷೆಯ ಕ್ಲಸ್ಟರ್‌ನಲ್ಲಿ (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪಿನಲ್ಲಿ) ನಾನು ಬಡ್ಡಿಯ ಲೆಕ್ಕದ ದೋಷ ಹುಡುಕುತ್ತಿದ್ದೆ. ಪೋರ್ಟ್-ಫಾರ್ವರ್ಡ್ ಮಾಡಿ, ಡೀಬಗರ್ ಜೋಡಿಸಿ, ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲಿಸಿ, ವೇರಿಯಬಲ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡುವಷ್ಟರಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು. ಮತ್ತೆ ಜೋಡಿಸಿದರೆ ಮತ್ತೆ ಅದೇ. ನೆಟ್‌ವರ್ಕ್ ತಂಡದವರಿಗೆ ದೂರು ಕೊಟ್ಟೆ, ವಿಪಿಎನ್ ಬದಲಿಸಿದೆ. ಒಂದೂವರೆ ದಿನ ಹೋಯಿತು. ಕೊನೆಗೆ ಪಾಡ್‌ನ ವಿವರ ತೆಗೆದು ನೋಡಿದರೆ ರೀಸ್ಟಾರ್ಟ್ ಎಣಿಕೆ 11, ಹಿಂದಿನ ಸಲ ಮುಗಿದ ಕೋಡ್ 137, ಕೆಳಗೆ ಘಟನೆಗಳ ಪಟ್ಟಿಯಲ್ಲಿ ಲೈವ್‌ನೆಸ್ ಪ್ರೋಬ್ ಫೇಲಾದ ಸಾಲುಗಳು.

ಆಗಿದ್ದಿಷ್ಟು. ಲೈವ್‌ನೆಸ್ ಪ್ರೋಬ್ ಹಾಕಿದ್ದರೆ ಕುಬರ್ನೆಟಿಸ್ ತಾನಾಗಿ ಇಟ್ಟುಕೊಳ್ಳುವ ಲೆಕ್ಕದಲ್ಲಿ 10 ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ಅಪ್ಲಿಕೇಶನ್ನನ್ನು ಕೇಳುತ್ತದೆ, 1 ಸೆಕೆಂಡಿನಲ್ಲಿ ಉತ್ತರ ಬೇಕು. ಸತತ 3 ಸಲ ಬಾರದಿದ್ದರೆ ಕಂಟೇನರ್ ಸತ್ತಿದೆ ಎಂದೇ ತೀರ್ಮಾನ. ನನ್ನ ಬ್ರೇಕ್‌ಪಾಯಿಂಟ್ ಎಲ್ಲ ಥ್ರೆಡ್‌ಗಳನ್ನೂ (ಪ್ರೊಸೆಸ್‌ನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳನ್ನೂ) ನಿಲ್ಲಿಸಿದ್ದರಿಂದ ಉತ್ತರ ಕೊಡಬೇಕಾದ ಥ್ರೆಡ್ಡೂ ನಿಂತಿತ್ತು. ನಿಧಾನವಾಗಿ ಮುಚ್ಚಿಕೋ ಎಂಬ ಸೂಚನೆ ಬಂದಾಗಲೂ ಕೇಳುವವರಿಲ್ಲ. 30 ಸೆಕೆಂಡಿನ ರಿಯಾಯಿತಿ ಮುಗಿದ ಮೇಲೆ ಬಲವಂತದ ಸಿಗ್ನಲ್ 9. ಸಿಗ್ನಲ್‌ನಿಂದ ಸತ್ತರೆ ಮುಗಿದ ಕೋಡ್ 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿದ್ದು, 128ಕ್ಕೆ 9 ಕೂಡಿಸಿದರೆ 137. ಅಪ್ಲಿಕೇಶನ್ನನ್ನು ಹನ್ನೊಂದು ಸಲ ಕೆಡವಿದ್ದು ನಾನೇ. ಆ ಒಂದೂವರೆ ದಿನ ಅದೇ ಸರ್ವರ್ ಮೇಲೆ ಪರೀಕ್ಷೆ ನಡೆಸುತ್ತಿದ್ದ ಮೂವರ ಕೆಲಸವೂ ಕೆಟ್ಟಿತ್ತು. ಅವರ ಬಳಿ ಹೋಗಿ ಹೇಳಿ, ಕ್ಷಮೆ ಕೇಳಿದೆ.

ಅಂದಿನಿಂದ, ಜೋಡಿಸುವ ಮೊದಲು ನಿಲ್ಲದ ಗಡಿಯಾರಗಳ ಪಟ್ಟಿ ಮಾಡಿಕೊಳ್ಳುತ್ತೇನೆ. ಮುಂದೆ ನಿಂತು ವಿನಂತಿ ಪಡೆಯುವ ಎಂಜಿನ್‌ಎಕ್ಸ್ ಪ್ರಾಕ್ಸಿ ತನ್ನ ಹಿಂದಿರುವ ಸರ್ವರ್‌ನ ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ 60 ಸೆಕೆಂಡು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಒಂದು ಸಾಲಿನ ಬೀಗಕ್ಕಾಗಿ ಬೇರೆಯವರು ಕಾಯುವ ಮಿತಿ 50 ಸೆಕೆಂಡು. ಡೇಟಾಬೇಸ್ ಸಂಪರ್ಕಗಳನ್ನು ಕೂಡಿಡುವ ಹಿಕಾರಿ ಪೂಲ್‌ನಲ್ಲಿ ಸುಮ್ಮನೆ ಬಿಟ್ಟರೆ ಇರುವುದು 10 ಸಂಪರ್ಕ, ಸಿಗದಿದ್ದರೆ 30 ಸೆಕೆಂಡಿಗೆ ಎರರ್. ನೀವು ಒಂದು ಡೇಟಾಬೇಸ್ ಟ್ರಾನ್ಸಾಕ್ಷನ್ನಿನ ನಡುವೆ ಬ್ರೇಕ್‌ಪಾಯಿಂಟ್ ಇಟ್ಟು ಟೀ ಕುಡಿಯಲು ಎದ್ದರೆ ಆ ಸಾಲಿನ ಬೀಗ ನಿಮ್ಮ ಕೈಯಲ್ಲೇ ಉಳಿಯುತ್ತದೆ. ನಿಮಗೆ ಸಂಬಂಧವೇ ಇಲ್ಲದ ಇನ್ನೊಂದು ಸರ್ವಿಸ್ ಅಲ್ಲಿ ಸೋಲುತ್ತದೆ, ಅದರ ತಂಡದವರು ತಮ್ಮ ಕೋಡಿನಲ್ಲಿ ದೋಷ ಹುಡುಕಲು ಕೂರುತ್ತಾರೆ.

ಜಾವಾದಲ್ಲಿ ಇದಕ್ಕೆ ಅರ್ಧ ಪರಿಹಾರ ಇದೆ. ಬ್ರೇಕ್‌ಪಾಯಿಂಟಿನ ಮೇಲೆ ಬಲ ಕ್ಲಿಕ್ ಮಾಡಿದರೆ ಎಲ್ಲ ಥ್ರೆಡ್ ನಿಲ್ಲಿಸಬೇಕೋ ಆ ಒಂದೇ ಥ್ರೆಡ್ಡೋ ಎಂದು ಆರಿಸಬಹುದು. ಇಂಟೆಲಿಜೆ ಮೊದಲಿಗೆ 'ಎಲ್ಲ' ಎಂದೇ ಇಟ್ಟಿರುತ್ತದೆ, ಇನ್ನೊಂದು ಐಡಿಇ ಎಕ್ಲಿಪ್ಸ್ 'ಒಂದು ಥ್ರೆಡ್' ಎಂದು. ದೂರದ ಸರ್ವರ್ ಆದರೆ ಒಂದು ಥ್ರೆಡ್ಡನ್ನೇ ಆರಿಸಿ. ಜೊತೆಗೆ ನಿಮ್ಮ ಪರೀಕ್ಷೆಯ ಗ್ರಾಹಕ ಸಂಖ್ಯೆ ಬಂದಾಗ ಮಾತ್ರ ನಿಲ್ಲು ಎಂಬ ಷರತ್ತು ಹಾಕಿ. ಆದರೆ ನೋಡ್, ಪೈಥಾನ್, ಗೋ ಇವುಗಳಲ್ಲಿ ನಿಂತರೆ ಸಾಮಾನ್ಯವಾಗಿ ಇಡೀ ಪ್ರೊಸೆಸ್ ನಿಲ್ಲುತ್ತದೆ. ಅಲ್ಲಿ ನಿಮಗೊಬ್ಬರಿಗೇ ಮೀಸಲಾದ ಅಪ್ಲಿಕೇಶನ್ನಿನ ಪ್ರತಿ ಇರಲೇಬೇಕು.

ಷರತ್ತಿನ ಬ್ರೇಕ್‌ಪಾಯಿಂಟಿಗೂ ಬೆಲೆ ಇದೆ. ಜಾವಾದಲ್ಲಿ ಷರತ್ತನ್ನು ಪರೀಕ್ಷಿಸುವುದು ಸರ್ವರ್ ಅಲ್ಲ, ನಿಮ್ಮ ಐಡಿಇ. ಅಂದರೆ ಆ ಸಾಲು ಓಡಿದ ಪ್ರತಿ ಸಲವೂ ಥ್ರೆಡ್ ಕ್ಷಣಕಾಲ ನಿಂತು, ನಿಮ್ಮ ಲ್ಯಾಪ್‌ಟಾಪಿಗೆ ಕೇಳಿ, ಉತ್ತರ ಪಡೆದು ಮುಂದೆ ಹೋಗಬೇಕು. ಹತ್ತು ಸಾವಿರ ಸಲ ಸುತ್ತುವ ಲೂಪ್‌ನೊಳಗೆ ಇದನ್ನಿಟ್ಟರೆ ಸರ್ವರ್ ತೆವಳತೊಡಗುತ್ತದೆ.

ಸರ್ವರ್ ಎಷ್ಟು ದೂರದಲ್ಲಿದೆ ಎಂಬುದು ಮುಖ್ಯವಾಗುವುದು ಇಲ್ಲಿಯೇ. ಅಮೆಜಾನ್ ಕ್ಲೌಡ್‌ನ ಮುಂಬಯಿ ರೀಜನ್ (ಸರ್ವರ್‌ಗಳಿರುವ ನೆಲೆ) 2016ರಿಂದ ಇದೆ, ಮೈಕ್ರೋಸಾಫ್ಟ್ ಅಜೂರ್‌ನ ಸೆಂಟ್ರಲ್ ಇಂಡಿಯಾ ರೀಜನ್ ಇರುವುದು ಪುಣೆಯಲ್ಲೇ. ಇವುಗಳ ಮೇಲಿನ ಸರ್ವರಿಗೆ ಹಿಂಜವಡಿಯಿಂದ ಹೋಗಿ ಬರಲು ಕೆಲವೇ ಮಿಲಿಸೆಕೆಂಡು ಸಾಕು, ದೂರ ಗೊತ್ತೇ ಆಗುವುದಿಲ್ಲ. ಅದೇ ಗಿರಾಕಿಯ ಸರ್ವರ್ ಅಮೆರಿಕದ ವರ್ಜೀನಿಯಾದಲ್ಲಿದ್ದರೆ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಪುಣೆಯಿಂದ ಅಲ್ಲಿಗೆ ಗೆರೆ ಎಳೆದರೂ 12,000 ಕಿಲೋಮೀಟರಿಗೆ ಮೇಲೆ. ಹೋಗಿ ಬರಲು ಕಡಿಮೆಯೆಂದರೂ 120 ಮಿಲಿಸೆಕೆಂಡು, ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಡೀಬಗರ್ ಒಂದು ಆಬ್ಜೆಕ್ಟನ್ನು ಬಿಡಿಸಿ ತೋರಿಸಲು ಹತ್ತಾರು ಪ್ರಶ್ನೆ ಕೇಳುತ್ತದೆ. ಬಾಣದ ಗುರುತು ಒತ್ತಿ ಮೂರು ನಾಲ್ಕು ಸೆಕೆಂಡು ಕಾಯುವ ಹಿಂಸೆ ಆಗ ಶುರು. ವೇಗದ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೂ ಇದು ಕಡಿಮೆಯಾಗದು.

ಎಡಿಟರನ್ನೇ ಅಲ್ಲಿಗೆ ಕಳಿಸುವುದು

ದೂರದ ಕಾಟಕ್ಕೆ ಮದ್ದು ಇದೇ. 2019ರಲ್ಲಿ ವಿಎಸ್ ಕೋಡ್ ಎಂಬ ಎಡಿಟರಿಗೆ ರಿಮೋಟ್ ಎಸ್‌ಎಸ್‌ಎಚ್ ವಿಸ್ತರಣೆ ಬಂತು. ಕಿಟಕಿ, ಅಕ್ಷರ, ಬಣ್ಣ ಎಲ್ಲ ನಿಮ್ಮ ಲ್ಯಾಪ್‌ಟಾಪಿನಲ್ಲಿ. ಫೈಲು, ಟರ್ಮಿನಲ್, ಡೀಬಗರ್ ಎಲ್ಲ ಸರ್ವರ್‌ನಲ್ಲಿ. ಇಂಟೆಲಿಜೆ ಮಾಡುವ ಜೆಟ್‌ಬ್ರೇನ್ಸ್‌ನವರ ಗೇಟ್‌ವೇ ಕೂಡ ಇದೇ ಮಾದರಿ. ಹತ್ತಾರು ಪ್ರಶ್ನೋತ್ತರಗಳು ಸರ್ವರ್ ಒಳಗೇ ಮುಗಿದು, ಕಡಲು ದಾಟಿ ಬರುವುದು ಅದರ ಫಲ ಮಾತ್ರ. ಸೋರ್ಸ್ ಮತ್ತು ಬಿಲ್ಡ್ ಒಂದೇ ಜಾಗದಲ್ಲಿರುವುದರಿಂದ ಖಾಲಿ ಸಾಲಿನಲ್ಲಿ ನಿಲ್ಲುವ ತೊಂದರೆಯೂ ಇಲ್ಲ, ಡೀಬಗ್ ಪೋರ್ಟ್ ಹೊರಗೆ ಬರುವ ಮಾತೇ ಇಲ್ಲ.

ಆದರೆ ಸರ್ವರ್ ಮೇಲೆ ಭಾರ ಬೀಳುತ್ತದೆ. ವಿಎಸ್ ಕೋಡ್‌ನವರೇ ಎರಡು ಕೋರ್, 2 ಜಿಬಿ ಮೆಮೊರಿ ಇರಲಿ ಎನ್ನುತ್ತಾರೆ, ದೊಡ್ಡ ಜಾವಾ ಪ್ರಾಜೆಕ್ಟಿಗೆ ಅದೂ ಸಾಲದು. ಅಲ್ಲದೆ ಸೋರ್ಸ್ ಕೋಡನ್ನು ಸರ್ವರ್ ಮೇಲೆ ಇಡಬೇಕು. ಹಾಗಾಗಿ ಇದು ನಿಮ್ಮದೇ ಹೆಸರಿನ ಡೆವಲಪ್‌ಮೆಂಟ್ ಯಂತ್ರಕ್ಕೆ ಹೇಳಿಮಾಡಿಸಿದ್ದು. ಪ್ರೊಡಕ್ಷನ್ ಯಂತ್ರದ ಮೇಲೆ ಎಡಿಟರ್ ಇಡುವುದನ್ನು ನಾನು ಒಪ್ಪುವುದಿಲ್ಲ. ಫೈಲ್ ತೆರೆದಿರುತ್ತದೆ, ಕೈ ಸುಮ್ಮನಿರುವುದಿಲ್ಲ, ಒಂದು ಸಾಲು ಅಲ್ಲೇ ತಿದ್ದಿಬಿಡುತ್ತೇವೆ, ಅದು ಗಿಟ್‌ಗೆ ಬರುವುದೇ ಇಲ್ಲ. ಡೀಬಗರ್ ಮೂಲಕ ಓಡುತ್ತಿರುವ ಜಾವಾ ಕ್ಲಾಸನ್ನು ಬದಲಿಸುವ ಹಾಟ್‌ಸ್ವ್ಯಾಪ್‌ಗೂ ನನ್ನದು ಇದೇ ಮಾತು. ಮೆಥಡ್ ಒಳಗಿನ ಸಾಲುಗಳನ್ನಷ್ಟೇ ಅದು ಬದಲಿಸಬಲ್ಲದು, ಮರುಶುರುವಾದ ಕೂಡಲೇ ಎಲ್ಲ ಮಾಯ.

ಇದರ ತಿರುವುಮುರುವು ಇನ್ನೊಂದಿದೆ: ಸರ್ವರಿಗೆ ಬರುವ ವಿನಂತಿಯನ್ನು ಲ್ಯಾಪ್‌ಟಾಪಿಗೆ ಎಳೆದು ತರುವುದು. ಟೆಲಿಪ್ರೆಸೆನ್ಸ್, ಮಿರರ್ಡ್ ಇಂಥ ಸಲಕರಣೆಗಳು ಕುಬರ್ನೆಟಿಸ್‌ನಲ್ಲಿ ಇದನ್ನು ಮಾಡುತ್ತವೆ. ನಿಮ್ಮ ಸರ್ವಿಸ್ ಓಡುವುದು ಲ್ಯಾಪ್‌ಟಾಪಿನಲ್ಲಿ, ಅದು ಮಾತಾಡುವುದು ಮಾತ್ರ ಕ್ಲಸ್ಟರ್‌ನಲ್ಲಿರುವ ಬೇರೆ ಸರ್ವಿಸ್‌ಗಳ ಜೊತೆ. ವಿನಂತಿಯ ಮೇಲಿನ ಗುರುತು (ಹೆಡರ್) ನೋಡಿ ನಿಮ್ಮ ವಿನಂತಿಗಳನ್ನಷ್ಟೇ ಸೋಸಿಕೊಂಡರೆ ಬೇರೆಯವರ ಕೆಲಸ ನಿಲ್ಲುವುದಿಲ್ಲ. ಇಪ್ಪತ್ತು ಸರ್ವಿಸ್‌ಗಳ ಜಾಲದಲ್ಲಿ ಒಂದನ್ನು ಬರೆಯುವವರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಮಿತಿ ಒಂದೇ, ಆದರೆ ದೊಡ್ಡದು: ಕೋಡ್ ಓಡುತ್ತಿರುವುದು ನಿಮ್ಮ ಯಂತ್ರದಲ್ಲಿ. ಸರ್ವರ್‌ನ ಆಪರೇಟಿಂಗ್ ಸಿಸ್ಟಂ, ಫಾಂಟು, ಮೆಮೊರಿ ಮಿತಿ, ಗಡಿಯಾರ ಇವುಗಳಿಂದಲೇ ಹುಟ್ಟಿದ ದೋಷವಾದರೆ ಲ್ಯಾಪ್‌ಟಾಪಿಗೆ ಬಂದ ಕೂಡಲೇ ಅದು ಅಡಗಿಕೊಳ್ಳುತ್ತದೆ.

ನಿಲ್ಲಿಸದೆ ನೋಡುವುದು

ನಿಜವಾದ ಗ್ರಾಹಕರು ಇರುವ ಕಡೆ ನನ್ನ ಆಯ್ಕೆ ಯಾವಾಗಲೂ ಇದೇ. ಇದರಲ್ಲಿ ಮೆಟ್ಟಿಲುಗಳಿವೆ.

ಮೊದಲನೆಯದು ಲಾಗ್ ಮಟ್ಟ ಏರಿಸುವುದು, ಅಂದರೆ ಅಪ್ಲಿಕೇಶನ್ ತನ್ನ ಕೆಲಸದ ದಾಖಲೆಯನ್ನು ಹೆಚ್ಚು ವಿವರವಾಗಿ ಬರೆಯುವಂತೆ ಮಾಡುವುದು. ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟಿನ ಆಕ್ಚುಯೇಟರ್‌ನಲ್ಲಿ ಲಾಗರ್ಸ್ ಎಂಬ ವಿಳಾಸ ಇದೆ, ಒಂದು ಪ್ಯಾಕೇಜಿನ ಮಟ್ಟವನ್ನು ಓಡುತ್ತಿರುವಾಗಲೇ ಡೀಬಗ್‌ಗೆ ಏರಿಸಿ ಮತ್ತೆ ಇಳಿಸಬಹುದು. ಎರಡನೆಯದು ಲಾಗ್‌ಪಾಯಿಂಟ್: ಬ್ರೇಕ್‌ಪಾಯಿಂಟಿನಂತೆಯೇ ಇಡುವುದು, ಆದರೆ ಅದು ನಿಲ್ಲುವುದಿಲ್ಲ, ವೇರಿಯಬಲ್‌ನ ಬೆಲೆಯನ್ನು ಬರೆದು ಮುಂದೆ ಹೋಗುತ್ತದೆ. ವಿಎಸ್ ಕೋಡ್, ಇಂಟೆಲಿಜೆ ಎರಡರಲ್ಲೂ ಇದೆ. ನಿಲ್ಲುವುದಿಲ್ಲ ಎಂದೆನಾದರೂ ಲ್ಯಾಪ್‌ಟಾಪ್ ಜೋಡಿಸಿಯೇ ಇರಬೇಕು, ಪ್ರತಿ ಸಲವೂ ನೆಟ್‌ವರ್ಕ್ ದಾಟಬೇಕು. ಗೂಗಲ್ ತನ್ನ ಕ್ಲೌಡ್ ಡೀಬಗರ್‌ನಲ್ಲಿ ಓಡುವ ಪ್ರೊಡಕ್ಷನ್ ಕೋಡಿನ ಚಿತ್ರವನ್ನು ನಿಲ್ಲಿಸದೆ ತೆಗೆಯುವ ಸೌಲಭ್ಯ ಕೊಟ್ಟಿತ್ತು, 2023ರ ಮೇ 31ಕ್ಕೆ ಅದನ್ನು ಮುಚ್ಚಿತು. ಅದನ್ನು ನಂಬಿ ಕೆಲಸ ಕಟ್ಟಿಕೊಂಡ ತಂಡಗಳು ಬೇರೆ ದಾರಿ ಹುಡುಕಬೇಕಾಯಿತು.

ಜಾವಾದವರಿಗೆ ನಾನು ಮನಸಾರೆ ಹೇಳುವುದು ಆರ್ಥಸ್. ಅಲಿಬಾಬಾದವರು 2018ರಲ್ಲಿ ಮುಕ್ತವಾಗಿ ಬಿಟ್ಟ ಸಲಕರಣೆ. ಮರುಶುರು ಮಾಡುವ ಹಂಗಿಲ್ಲ, ಓಡುತ್ತಿರುವ ಪ್ರೊಸೆಸ್‌ಗೆ ಅದೇ ಯಂತ್ರದಲ್ಲಿ ಕೂಡಿಕೊಳ್ಳುತ್ತದೆ. 'ವಾಚ್' ಎಂಬ ಆಜ್ಞೆಗೆ ಕ್ಲಾಸಿನ ಹೆಸರು, ಮೆಥಡ್ ಹೆಸರು ಕೊಟ್ಟರೆ ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು ಎಂದು ಬರೆಯುತ್ತ ಹೋಗುತ್ತದೆ. ಷರತ್ತನ್ನು ಅದು ಸರ್ವರ್‌ನಲ್ಲೇ ಪರೀಕ್ಷಿಸುತ್ತದೆ, ಹಾಗಾಗಿ ದೂರದ ತೆರಿಗೆ ಇಲ್ಲ. ಎಷ್ಟು ಸಲ ಬರೆದ ಮೇಲೆ ನಿಲ್ಲಬೇಕೆಂದೂ ಹೇಳಬಹುದು, ಹೇಳಲೇಬೇಕು. ವೇಗದ ತೊಂದರೆ ಆದರೆ ಜಾವಾ ಫ್ಲೈಟ್ ರೆಕಾರ್ಡರ್ ಸಾಕು, ಜೆಡಿಕೆ 11ರಿಂದ ಅದು ಎಲ್ಲರಿಗೂ ಉಚಿತ. ಪೈಥಾನ್‌ನಲ್ಲೂ 3.14ರಿಂದ ಓಡುವ ಪ್ರೊಸೆಸ್‌ಗೆ ಅದರ ಸಂಖ್ಯೆ ಹೇಳಿ ಪೈಥಾನ್‌ನದೇ ಡೀಬಗರ್ ಪಿಡಿಬಿ ಜೋಡಿಸಬಹುದು. ಆದರೆ ಪಿಡಿಬಿ ನಿಲ್ಲಿಸುವ ಜಾತಿಯದು.

ಸರ್ವರ್ ಬೀಳುವ ಹಂತಕ್ಕೆ ಬಂತು ಎಂದಾದರೆ ಹೀಪ್ ಡಂಪ್ (ಮೆಮೊರಿಯ ನಕಲು), ಥ್ರೆಡ್ ಡಂಪ್ (ಥ್ರೆಡ್‌ಗಳ ಸ್ಥಿತಿಯ ನಕಲು) ತೆಗೆದಿಟ್ಟುಕೊಂಡು ನಿಧಾನವಾಗಿ ನೋಡಿ. ಹೀಪ್ ಡಂಪ್ ಒಳಗೆ ಪಾಸ್‌ವರ್ಡ್, ಫೋನ್ ನಂಬರ್ ಎಲ್ಲ ಇರುತ್ತವೆ, ವಾಟ್ಸಾಪಿನಲ್ಲಿ ಕಳಿಸಬೇಡಿ. ಗ್ರಾಹಕರ ಮಾಹಿತಿಯ ಬಗ್ಗೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ನಮ್ಮನ್ನು ನಂಬಿ ವಿಳಾಸ ಕೊಟ್ಟವರು ಅವರು.

ಹಾಲಿನ ಬಿಲ್ಲಿಗೆ ನಾವು ಆರಿಸಿದ್ದು

ಹುಡುಗನ ಯೋಜನೆ ಹೀಗಿತ್ತು: ಪ್ರೊಡಕ್ಷನ್‌ಗೆ ಟನಲ್ ಹಾಕಿ, ತಾರೀಖು ಇಡುವ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ರಾತ್ರಿಯಿಡೀ ಲ್ಯಾಪ್‌ಟಾಪ್ ಬಿಟ್ಟು ಮಲಗುವುದು. ಬೆಳಗಿನ ಜಾವ ಮೊದಲ ಆರ್ಡರ್ ಬಂದು ಅಲ್ಲಿ ನಿಂತರೆ, ಅವನು ಏಳುವ ತನಕ ಅದರ ಹಿಂದೆ ಬರುವ ಆರ್ಡರ್‌ಗಳೆಲ್ಲ ನಿಂತೇ ಇರುತ್ತವೆ. ಹಾಲಿನ ವ್ಯಾನು ಹೊರಡುವುದು ಅದೇ ಹೊತ್ತಿಗೆ. ಅದನ್ನು ಹೇಳಿದ ಮೇಲೆ ಅವನೇ ಲ್ಯಾಪ್‌ಟಾಪ್ ಮುಚ್ಚಿದ.

ಮೊದಲು ಡೇಟಾಬೇಸಿನಿಂದ ತಪ್ಪು ತಾರೀಖಿನ ಬಿಲ್‌ಗಳನ್ನು ತೆಗೆದು ಹೊತ್ತಿನ ಪ್ರಕಾರ ಜೋಡಿಸಿದೆವು. ಎಲ್ಲವೂ ನಡುರಾತ್ರಿಯ ನಂತರದವು, ಬೆಳಕು ಹರಿದ ಮೇಲಿನದು ಒಂದೂ ಇಲ್ಲ. ಅವನು ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆಯ ಸರ್ವರಿಗೆ ಡೀಬಗರ್ ಜೋಡಿಸಿ ಏನೂ ಸಿಗದೆ ಎದ್ದದ್ದು ಏಕೆಂದು ಅಲ್ಲಿಗೆ ತಿಳಿಯಿತು. ತಾರೀಖು ಇಡುವ ಜಾಗ ಎರಡಿದ್ದವು, ಆರ್ಡರ್ ಸರ್ವಿಸ್ ಮತ್ತು ಬಿಲ್ಲಿಂಗ್ ಸರ್ವಿಸ್. ತಪ್ಪು ಯಾವುದರದ್ದು ಎಂಬುದಷ್ಟೇ ಉಳಿದ ಪ್ರಶ್ನೆ.

ಅವನ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಪಡೆದ ಮೇಲೆ ಎರಡೂ ಕಡೆ ಆರ್ಥಸ್ ಕೂಡಿಸಿದ. ವಾಚ್ ಆಜ್ಞೆ ಹಿನ್ನೆಲೆಯಲ್ಲಿ ಓಡಿ ಫೈಲಿಗೆ ಬರೆಯುವಂತೆ, 50 ಸಲಕ್ಕೆ ನಿಲ್ಲುವಂತೆ, ನಡುರಾತ್ರಿಗೆ ಶುರುವಾಗುವಂತೆ ಇಟ್ಟೆವು. ಬರೆಯುವುದು ಆರ್ಡರ್ ಸಂಖ್ಯೆ ಮತ್ತು ತಾರೀಖು ಎರಡೇ. ಗ್ರಾಹಕರ ಹೆಸರು, ಫೋನು, ಮನೆ ನಂಬರ್ ಆ ಆಬ್ಜೆಕ್ಟಿನಲ್ಲೇ ಇದ್ದವು, ಅವನ್ನು ಬಿಟ್ಟೆವು.

ಬೆಳಿಗ್ಗೆ ಏಳಕ್ಕೆ ಫೈಲ್ ತೆರೆದ. 4 ಗಂಟೆ 12 ನಿಮಿಷಕ್ಕೆ ಬಂದ ಒಂದೇ ಆರ್ಡರಿಗೆ ಆರ್ಡರ್ ಸರ್ವಿಸ್ ಇಂದಿನ ತಾರೀಖು ಕೊಟ್ಟಿತ್ತು, ಬಿಲ್ಲಿಂಗ್ ಸರ್ವಿಸ್ ನಿನ್ನೆಯದು. ಆರ್ಡರ್ ಸರ್ವಿಸ್‌ನ ಕಂಟೇನರಿಗೆ ಯಾರೋ ಹಿಂದೆಯೇ ಏಷ್ಯಾ/ಕೋಲ್ಕತಾ ಎಂದು ಕಾಲವಲಯ ಕೊಟ್ಟಿದ್ದರು. ಬಿಲ್ಲಿಂಗ್‌ಗೆ ಕೊಟ್ಟಿರಲಿಲ್ಲ, ಅದು ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲೇ ಓಡುತ್ತಿತ್ತು. ನಮ್ಮಲ್ಲಿ ಬೆಳಿಗ್ಗೆ ಐದೂವರೆ ಆಗುವ ತನಕ ಅದಕ್ಕೆ ಇನ್ನೂ ನಿನ್ನೆಯೇ. ಕೋಡಿನಲ್ಲಿ ಇಂದಿನ ತಾರೀಖು ಕೇಳುವ ಕಡೆ ಕಾಲವಲಯವನ್ನೂ ಬರೆದು ಕೊಡುವಂತೆ ತಿದ್ದಿದ, ಅದೇ ಮಧ್ಯಾಹ್ನ ಬಿಲ್ಡ್ ಹೋಯಿತು. ಹೋಗುವ ಮೊದಲು ಆರ್ಥಸ್‌ಗೆ 'ಸ್ಟಾಪ್' ಹೇಳಿ ಅದು ಕ್ಲಾಸುಗಳಿಗೆ ಅಂಟಿಸಿದ್ದನ್ನೆಲ್ಲ ಬಿಡಿಸಿದ್ದನ್ನು ನನಗೆ ಫೋನಿನಲ್ಲಿ ಓದಿ ಹೇಳಿದ. ಫೈಲನ್ನೂ ಅಳಿಸಿದ.